ಸಂಜೆ ಪಾಠ ಶುರು ಮಾಡುವವರಿಗೆ: ಮಗು ನಿಂತಿರುವ ಕಡೆಯಿಂದಲೇ ಹೊರಡಿ

ಸಂಜೆ ಹೊತ್ತು ಬಡವರ ಮಕ್ಕಳಿಗೆ ಪಾಠ ಹೇಳಿಕೊಡಬೇಕು ಅಂತ ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಐದನೇ ಕ್ಲಾಸಿನ ಮಗುವಿಗೆ ಐದನೇ ಕ್ಲಾಸಿನ ಪುಸ್ತಕ ತೆಗೆದು ಕೂರಬೇಡಿ. ನಾನು ಹಾಗೆ ಕೂತಿದ್ದೆ. ಮೂರು ತಿಂಗಳು ಮಕ್ಕಳ ಹೋಮ್‌ವರ್ಕ್ ಮಾಡಿಸಿದೆ, ಪ್ರಶ್ನೆಗೆ ಉತ್ತರ ಬರೆಸಿದೆ, ನೋಟ್‌ಬುಕ್ಕಿನ ತುಂಬ ಮುತ್ತಿನಂಥ ಅಕ್ಷರ ಕಂಡು ಖುಷಿಪಟ್ಟೆ. ಆಮೇಲೆ ಒಂದು ದಿನ ಎದುರಿನ ಹಿಟ್ಟಿನ ಗಿರಣಿಯ ಬೋರ್ಡು ತೋರಿಸಿ ‘ಅದೇನು ಬರೆದಿದೆ ಓದು’ ಅಂದೆ. ಆ ಹುಡುಗಿಗೆ ಒಂದಕ್ಷರವೂ ಬರಲಿಲ್ಲ. ಮೂರು ತಿಂಗಳು ಅವಳು ನನ್ನ ಬರಹವನ್ನು ರಂಗೋಲಿ ನೋಡಿ ಎಳೆಯುವ ಹಾಗೆ ನೋಡಿ ಎಳೆದಿದ್ದಳು, ಅಷ್ಟೇ.

ನಾವು ಪಾಠ ಮಾಡುವುದು ಬೆಂಗಳೂರಿನ ಹೊರಭಾಗದಲ್ಲಿ, ದೊಡ್ಡ ಕಟ್ಟಡಗಳು ಏಳುತ್ತಿರುವ ಕಡೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರೇ ಇಲ್ಲಿ ಜಾಸ್ತಿ. ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳಲ್ಲಿ ಕೆಲವರು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾರೆ, ಕೆಲವರು ಊರಿನ ಶಾಲೆಯಲ್ಲಿ ಹೆಸರು ಉಳಿಸಿಕೊಂಡು ಇಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ನಿಮ್ಮ ಊರಿನಲ್ಲಿ ಇದು ಕಾಫಿ ತೋಟದ ಲೈನ್ ಮನೆ ಇರಬಹುದು, ಕಬ್ಬು ಕಡಿಯುವವರ ಗುಡಿಸಲು ಇರಬಹುದು, ಪೇಟೆಯ ಹಿಂದಿನ ಕೇರಿ ಇರಬಹುದು. ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲ ವಾರ ಪಾಠ ಬೇಡ, ಬರೀ ನೋಡಿ

ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ 2005ರಿಂದ ‘ಅಸರ್’ ಅನ್ನುವ ಸಮೀಕ್ಷೆ ಮಾಡುತ್ತಿದೆ. ಸ್ವಯಂಸೇವಕರು ಹಳ್ಳಿಯ ಮನೆಗಳಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸುತ್ತಾರೆ. ಅದರ ಪರೀಕ್ಷೆ ಎಷ್ಟು ಸರಳ ಅಂದರೆ ನೀವು ಇವತ್ತು ರಾತ್ರಿಯೇ ಒಂದು ಹಾಳೆಯಲ್ಲಿ ಅಂಥದ್ದನ್ನು ಬರೆದುಕೊಳ್ಳಬಹುದು. ಒಂದು ಕಡೆ ಬಿಡಿ ಅಕ್ಷರಗಳು. ಅದರ ಕೆಳಗೆ ಎರಡಕ್ಷರದ, ಮೂರಕ್ಷರದ ಸುಲಭ ಪದಗಳು. ಇನ್ನೊಂದು ಕಡೆ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ವಾಕ್ಯ, ಕೊನೆಗೆ ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕತೆ. ನಾಲ್ಕು ವಾಕ್ಯದಿಂದ ಶುರು ಮಾಡಿಸಿ. ಸರಾಗವಾಗಿ ಓದಿದರೆ ಕತೆ ಕೊಡಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಪದವೂ ಬರದಿದ್ದರೆ ಅಕ್ಷರಕ್ಕೆ.

ಲೆಕ್ಕಕ್ಕೂ ಹೀಗೆಯೇ. 1ರಿಂದ 9 ಗುರುತಿಸುತ್ತದೆಯೇ, 10ರಿಂದ 99 ಗುರುತಿಸುತ್ತದೆಯೇ, ದಶಕ ಬಿಡಿಸಿ ಎರಡಂಕಿಯ ಕಳೆಯುವ ಲೆಕ್ಕ ಮಾಡುತ್ತದೆಯೇ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುತ್ತದೆಯೇ. ಇಷ್ಟು ನೋಡಿದರೆ ಸಾಕು.

ಇದನ್ನು ಬೇರೆ ಮಕ್ಕಳ ಎದುರಿಗೆ ಮಾಡಬೇಡಿ. ಸ್ವಲ್ಪ ಆಚೆ, ಆದರೆ ಎಲ್ಲರಿಗೂ ಕಾಣುವ ಹಾಗೆ, ಮಗುವಿನ ಎದುರಿಗೆ ಅಲ್ಲ, ಪಕ್ಕದಲ್ಲಿ ಕೂತುಕೊಳ್ಳಿ. ಐದು ನಿಮಿಷ ಸಾಕು. ಅಂಕ ಕೊಡಬೇಡಿ, ‘ಇಷ್ಟೂ ಬರಲ್ವಾ’ ಅನ್ನಬೇಡಿ, ಮುಖದಲ್ಲೂ ತೋರಿಸಬೇಡಿ. ತಾರೀಕು ಹಾಕಿ ಮಟ್ಟ ಬರೆದಿಡಿ: ಅಕ್ಷರ, ಪದ, ವಾಕ್ಯ, ಕತೆ. ಆರು ವಾರಕ್ಕೊಮ್ಮೆ ಇದೇ ಹಾಳೆ ಮತ್ತೆ ತೆಗೆಯಿರಿ, ಪದಗಳನ್ನು ಮಾತ್ರ ಬದಲಾಯಿಸಿ.

ಒಂದು ಎಚ್ಚರ. ಪಠ್ಯಪುಸ್ತಕದಿಂದ ವಾಕ್ಯ ತೆಗೆದುಕೊಳ್ಳಬೇಡಿ. ಎಷ್ಟೋ ಮಕ್ಕಳಿಗೆ ಪಾಠವೇ ಬಾಯಿಪಾಠ ಬಂದಿರುತ್ತದೆ. ಬಾಯಿ ಮೂರನೇ ಸಾಲಿನಲ್ಲಿರುತ್ತದೆ, ಬೆರಳು ಇನ್ನೂ ಮೊದಲನೇ ಸಾಲಿನಲ್ಲಿರುತ್ತದೆ.

ಓದಲು ಬಾರದ ಮಗು ದಡ್ಡ ಅಂತ ಅರ್ಥವಲ್ಲ. ಹೊಲದ ಕೆಲಸ ಮುಗಿದ ಮೇಲೆ ಊರು ಬಿಟ್ಟು ಬಂದು, ಮುಂಗಾರಿಗೆ ಮತ್ತೆ ವಾಪಸ್ ಹೋಗುವ ಮಗು ಪ್ರತಿ ವರ್ಷ ಅರ್ಧ ಪುಸ್ತಕ ಕಳೆದುಕೊಳ್ಳುತ್ತದೆ. ಕ್ಲಾಸು ಮಾತ್ರ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಒಂದನೇ ಕ್ಲಾಸಿನಲ್ಲಿ ತಪ್ಪಿಹೋದ ಕಾಗುಣಿತವನ್ನು ನಾಲ್ಕನೇ ಕ್ಲಾಸಿನಲ್ಲಿ ಯಾರೂ ಕೂತು ಹೇಳಿಕೊಡುವುದಿಲ್ಲ. ನಲವತ್ತು ಮಕ್ಕಳನ್ನು ಇಟ್ಟುಕೊಂಡು ಪಾಠ ಮುಗಿಸಬೇಕಾದ ಮೇಷ್ಟ್ರಿಗೆ ಅದಕ್ಕೆ ಸಮಯವೂ ಸಿಗುವುದಿಲ್ಲ. ನಾವು ನೀವು ಬೇಕಾಗುವುದು ಇಲ್ಲೇ.

ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. 2001ರಿಂದ 2003ರ ನಡುವೆ ಮುಂಬೈ ಮತ್ತು ವಡೋದರಾದಲ್ಲಿ ‘ಬಾಲಸಖಿ’ ಅಂತ ಒಂದು ಪ್ರಯತ್ನ ನಡೆಯಿತು. ಅದೇ ಕೇರಿಯ ಯುವತಿಯರು ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಹದಿನೈದು ಇಪ್ಪತ್ತರ ಗುಂಪು ಮಾಡಿ, ದಿನಕ್ಕೆ ಎರಡು ಗಂಟೆ ತಳದಿಂದ ಹೇಳಿಕೊಟ್ಟರು. ಅವರು ಟ್ರೇನಿಂಗ್ ಕಾಲೇಜು ಓದಿದವರಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಅದನ್ನು ಅಳೆದು ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಮೇಲೆ ಬಂದವರು ಎಲ್ಲಕ್ಕಿಂತ ಕೆಳಗಿದ್ದ ಮಕ್ಕಳೇ. 2019ರಲ್ಲಿ ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಬಂತು. ನಮ್ಮಲ್ಲೇ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಅನ್ನುವ ಕಲಿಕೆ ಪದ್ಧತಿಯ ಹಿಂದೆ ಇರುವುದೂ ಇದೇ ಮಾತು. ಮಗು ಏಣಿಯ ಯಾವ ಮೆಟ್ಟಿಲ ಮೇಲಿದೆಯೋ ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಹೋಗಲಿ, ಪಕ್ಕದವನ ಮೆಟ್ಟಿಲಿಗೆ ಅಲ್ಲ.

ಅ ಆ ಇ ಈ ಇಂದ ಶುರು ಮಾಡಬೇಡಿ

ನಾವೆಲ್ಲ ವರ್ಣಮಾಲೆ ಕ್ರಮದಲ್ಲೇ ಕಲಿತವರು, ಅದಕ್ಕೇ ಮಕ್ಕಳಿಗೂ ಹಾಗೇ ಶುರು ಮಾಡುತ್ತೇವೆ. ಆದರೆ ನಲವತ್ತೊಂಬತ್ತು ಅಕ್ಷರ ಮುಗಿಯುವವರೆಗೆ ಮಗುವಿಗೆ ಒಂದು ಪದವೂ ಸಿಗುವುದಿಲ್ಲ. ಹತ್ತು ವರ್ಷದ ಹುಡುಗನಿಗೆ, ಈಗಾಗಲೇ ಮೂರು ಸಲ ಇದೇ ಮಾಲೆಯಲ್ಲಿ ಸೋತಿರುವವನಿಗೆ, ಮತ್ತೆ ಅದನ್ನೇ ಮುಂದಿಟ್ಟರೆ ಅವನು ನಾಳೆ ಬರುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಮಾಡಿದ ಟೀಚರುಗಳನ್ನು ಕೇಳಿ, ‘ರ ಗ ಸ ದ ಅ’ ಅಂತ ತಟ್ಟನೆ ಹೇಳುತ್ತಾರೆ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಐದು ಅಕ್ಷರ ಅವು. ಇಷ್ಟರಲ್ಲೇ ಸರ, ದರ, ಅರಸ, ಅಗಸ ಎಲ್ಲ ಬರುತ್ತವೆ. ಗದಗ ಬರುತ್ತದೆ. ಗದಗ ಅಂತ ಓದಿದ ದಿನ ನಮ್ಮಲ್ಲೊಬ್ಬ ಹುಡುಗ ‘ರೈಲಿನ್ಯಾಗ ಬರ್ತೈತ್ರೀ ಆ ಊರು’ ಅಂತ ಎದ್ದು ನಿಂತಿದ್ದ. ಮುಂದಿನ ಐದು: ಜ ವ ಮ ಬ ನ. ಈಗ ಮರ, ಜನ, ಮಗ, ಗಜ, ಬಸವ, ನಗರ. ಹತ್ತು ಅಕ್ಷರ ಕಲಿಯುವಷ್ಟರಲ್ಲಿ ಮಗು ಮೂವತ್ತು ನಲವತ್ತು ಪದ ಓದುತ್ತಿರುತ್ತದೆ. ರಟ್ಟಿನ ಚೂರುಗಳ ಮೇಲೆ ಒಂದೊಂದು ಅಕ್ಷರ ದಪ್ಪಗೆ ಬರೆದು ನೆಲದ ಮೇಲೆ ಹರಡಿ. ಹಳೇ ಮದುವೆ ಕಾರ್ಡು ಇದಕ್ಕೆ ಬಹಳ ಚೆನ್ನಾಗಿರುತ್ತವೆ. ಪದ ನೀವು ಹೇಳಿ ಮಗು ಜೋಡಿಸಲಿ, ಆಮೇಲೆ ಮಗು ಹೇಳಿ ನೀವು ಜೋಡಿಸಿ. ನಡುವೆ ಬೇಕೆಂದೇ ಒಂದನ್ನು ತಪ್ಪಾಗಿ ಇಡಿ. ಅದನ್ನು ಹಿಡಿದ ಮಗುವಿನ ಮುಖ ನೋಡಬೇಕು ನೀವು.

ಅಕ್ಷರ ಬಂದ ಮೇಲೆ ಹೆಚ್ಚು ಮಕ್ಕಳು ನಿಲ್ಲುವುದು ಕಾಗುಣಿತದ ಹತ್ತಿರ. ಕ ಕಾ ಕಿ ಕೀ ಅಂತ ರಾಗವಾಗಿ ಕೊನೆಯವರೆಗೂ ಹೇಳುತ್ತಾರೆ, ನಡುವಿನ ‘ಕೆ’ ಒಂದನ್ನೇ ತೋರಿಸಿದರೆ ಮೊದಲಿನಿಂದ ರಾಗ ಎಳೆದುಕೊಂಡೇ ಅಲ್ಲಿಗೆ ಬರಬೇಕು. ಅದಕ್ಕೆ ಒಂದು ಅಕ್ಷರಕ್ಕೆ ಎಲ್ಲ ಗುಣಿತ ಹೇಳಿಕೊಡುವ ಬದಲು, ಒಂದು ಗುಣಿತವನ್ನು ಬಂದಿರುವ ಎಲ್ಲ ಅಕ್ಷರಕ್ಕೂ ಹೇಳಿಕೊಡಿ. ಈ ವಾರ ಇಳಿ ಮಾತ್ರ: ದಾರ, ರಾಜ, ಮಾವ, ನಾಗ. ಮುಂದಿನ ವಾರ ಗುಡಿಸು: ದಿನ, ಗಿರಿ, ನರಿ, ಮರಿ. ಆಮೇಲೆ ಮರ, ಮರಿ, ಮಾರಿ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಒಂದು ಗೆರೆ ಬಾಗಿದರೆ ಮರ ಹೋಗಿ ಕುರಿಮರಿ ಆಗುತ್ತದೆ ಅನ್ನುವುದು ಮಗುವಿಗೆ ಹೊಳೆದ ಮೇಲೆ ಉಳಿದದ್ದು ಬೇಗ ಬರುತ್ತದೆ. ಎ-ಏ, ಒ-ಓ ದೀರ್ಘಕ್ಕೆ ಮಾತ್ರ ತುಂಬ ದಿನ ಹಿಡಿಯುತ್ತದೆ, ಅವಸರ ಬೇಡ.

ಒತ್ತಕ್ಷರಕ್ಕೆ ಬಂದಾಗ ಮನೆಯವರಿಂದಲೇ ಶುರು ಮಾಡಿ. ಅಕ್ಕ, ಅಣ್ಣ, ಅಪ್ಪ, ಅವ್ವ, ಅಜ್ಜ, ಅಜ್ಜಿ. ಎಲ್ಲ ಅದೇ ಅಕ್ಷರಕ್ಕೆ ಅದೇ ಒತ್ತು, ಎಲ್ಲ ಮಗುವಿಗೆ ಗೊತ್ತಿರುವ ಮಾತು. ಪುಸ್ತಕ, ರಾತ್ರಿ, ಚಂದ್ರ ಆಮೇಲೆ. ಸೂರ್ಯ, ಕಾರ್ಯ, ವರ್ಷ ಎಲ್ಲದಕ್ಕಿಂತ ಕೊನೆಗೆ, ಯಾಕಂದರೆ ಅಲ್ಲಿ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಹಾಳೆಯ ಮೇಲೆ ಆಮೇಲೆ ಬರುತ್ತದೆ. ದೊಡ್ಡವರಿಗೆ ಇದು ಗಮನಕ್ಕೇ ಬಂದಿರುವುದಿಲ್ಲ. ಮಗು ‘ಸೂಯರ’ ಅಂತ ಓದಿದರೆ ಅದು ಕಂಡದ್ದನ್ನು ಕಂಡ ಹಾಗೆ ಓದುತ್ತಿದೆ, ತಪ್ಪಲ್ಲ.

ಮಗುವಿನ ಮಾತನ್ನೇ ಪಾಠ ಮಾಡಿ

ನಮ್ಮಲ್ಲಿ ಬರುವ ಮಕ್ಕಳ ಕನ್ನಡ ಬೆಂಗಳೂರಿನ ಕನ್ನಡವಲ್ಲ. ಕೆಲವರ ಮನೆಯಲ್ಲಿ ಲಂಬಾಣಿ, ಕೆಲವರ ಮನೆಯಲ್ಲಿ ತೆಲುಗು, ಉರ್ದು. ಶಾಲೆಯಲ್ಲಿ ಒಬ್ಬ ಹುಡುಗ ‘ಹೊಂಟೀನ್ರೀ’ ಅಂದದ್ದಕ್ಕೆ ಇಡೀ ಕ್ಲಾಸು ನಕ್ಕಿತಂತೆ. ಆಮೇಲೆ ಅವನು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಹಾಗೇ ಮಂಡ್ಯ, ಹಾಸನದ ಕಡೆ ಎಷ್ಟೋ ಮಕ್ಕಳು ಹಾಲನ್ನು ‘ಆಲು’ ಅಂತ ಬರೆಯುತ್ತಾರೆ, ಯಾಕಂದರೆ ಅವರ ಮನೆಯಲ್ಲಿ ಅದು ಆಲೇ. ಕಿವಿಗೆ ಕೇಳಿದ್ದನ್ನು ಸರಿಯಾಗಿ ಬರೆಯಲು ಬಂದಿದೆ ಅಂತ ಮೊದಲು ಮೆಚ್ಚಿಕೊಳ್ಳಿ. ‘ಪುಸ್ತಕದಲ್ಲಿ ಇದನ್ನು ಹೀಗೆ ಬರೆಯುತ್ತಾರೆ, ನೋಡು’ ಅಂತ ಆಮೇಲೆ ತೋರಿಸಿ.

ನಾವು ಮಾಡುವ ಒಂದು ಕೆಲಸ ನಿಮಗೂ ಖಂಡಿತ ಒದಗುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇವತ್ತು ಬೆಳಗ್ಗೆ ಏನಾಯಿತು ಹೇಳು’ ಅನ್ನಿ. ‘ನಮ್ಮವ್ವ ರೊಟ್ಟಿ ಬಡದಳು. ನಾಯಿ ಬಂತು. ನಾ ಓಡಿಸಿದೆ.’ ಹೇಳಿದ್ದನ್ನು ಹೇಳಿದ ಹಾಗೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ತಿದ್ದಬೇಡಿ. ‘ಬಡಿದಳು’ ಅಂತ ಮಾಡಬೇಡಿ. ಬೆರಳಿಟ್ಟು ಒಂದು ಸಲ ನೀವು ಓದಿ, ಆಮೇಲೆ ಮಗು ಓದಲಿ. ತನ್ನ ಮಾತೇ ಆದ್ದರಿಂದ ಮುಂದೆ ಯಾವ ಪದ ಬರುತ್ತದೆ ಅಂತ ಅದಕ್ಕೆ ಗೊತ್ತು, ಹಾಗಾಗಿ ಧೈರ್ಯವಾಗಿ ಓದುತ್ತದೆ. ಆ ಹಾಳೆಗೆ ಚಿತ್ರ ಬರೆಸಿ, ತಾರೀಕು ಹಾಕಿ, ಮನೆಗೆ ಕೊಟ್ಟು ಕಳಿಸಿ. ಓದು ಬಾರದ ತಾಯಿಗೆ ಮಗಳು ತನ್ನದೇ ಹೆಸರಿನ ಹಾಳೆ ಓದಿ ಹೇಳಿದರೆ ಮಾರನೇ ದಿನದಿಂದ ಆ ತಾಯಿಯೇ ಮಗಳನ್ನು ಪಾಠಕ್ಕೆ ಅಟ್ಟುತ್ತಾಳೆ.

ಇದರ ಜೊತೆಗೆ ಕತೆ ಪುಸ್ತಕ ಬೇಕೇ ಬೇಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರ ಪುಸ್ತಕಗಳು ಸಾಕಷ್ಟಿವೆ, ಮಟ್ಟದ ಪ್ರಕಾರ ಬೇರೆ ಮಾಡಿಟ್ಟಿದ್ದಾರೆ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ದುಡ್ಡಿಲ್ಲ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಆ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅನ್ನುತ್ತಾರೆ. ಪುಸ್ತಕ ಹರಿಯುತ್ತದೆ ಅಂತ ಬೀರುವಿನಲ್ಲಿ ಇಡಬೇಡಿ. ಹರಿಯಲಿ. ಹರಿದದ್ದನ್ನು ಶನಿವಾರ ಮಕ್ಕಳೇ ಅಂಟಿಸುತ್ತಾರೆ.

ಪ್ರತಿ ದಿನದ ಕೊನೆಯ ಹತ್ತು ನಿಮಿಷ ನೀವು ಓದಿ, ಅವರು ಕೇಳಲಿ. ಪ್ರಶ್ನೆ ಕೇಳಬೇಡಿ, ನೀತಿ ಏನು ಅಂತ ಕೇಳಬೇಡಿ. ಸುಮ್ನೆ ಕತೆ.

ಲೆಕ್ಕ

ತರಕಾರಿ ಗಾಡಿಯ ಹತ್ತಿರ ನಿಂತು ಅಪ್ಪನ ಬದಲು ಚಿಲ್ಲರೆ ಕೊಡುವ ಹುಡುಗ ಹಾಳೆಯ ಮೇಲೆ ಕಳೆಯುವ ಲೆಕ್ಕ ಬಂದರೆ ಸುಮ್ಮನೆ ಕೂತುಬಿಡುತ್ತಾನೆ. ಇದನ್ನು ನೀವು ಖಂಡಿತ ಕಾಣುತ್ತೀರಿ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅದರಲ್ಲೂ ಇದೇ ಕಂಡಿತು: ಬಾಯಿಲೆಕ್ಕದಲ್ಲಿ ಚುರುಕಾಗಿ ವ್ಯಾಪಾರ ಮಾಡುವ ಮಕ್ಕಳಿಗೆ ಶಾಲೆಯ ಲೆಕ್ಕ ಬರುವುದಿಲ್ಲ, ಶಾಲೆಯ ಲೆಕ್ಕ ಬರುವ ಮಕ್ಕಳಿಗೆ ವ್ಯಾಪಾರದ ಲೆಕ್ಕ ತೊಡಕು. ಎರಡರ ನಡುವೆ ಸೇತುವೆ ಕಟ್ಟುವವರು ಇಲ್ಲ, ಅದನ್ನು ನೀವು ಕಟ್ಟಬೇಕು.

52ರಲ್ಲಿ 27 ಕಳೆ ಅಂದರೆ ಬಹಳ ಮಕ್ಕಳು 35 ಅಂತ ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು ಐದು ಅಂದಿರುತ್ತಾರೆ. ತಪ್ಪು ಅಂತ ಗೀಟು ಹಾಕುವ ಮೊದಲು ‘ಹೇಗೆ ಮಾಡಿದೆ ಹೇಳು’ ಅಂತ ಕೇಳಿ. ಆಮೇಲೆ ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಕೈಗೆ ಕೊಟ್ಟು ‘ಅಂಗಡಿಯವರಿಗೆ 27 ರೂಪಾಯಿ ಕೊಡು’ ಅನ್ನಿ. ಎರಡು ನೋಟು ಕೊಡುತ್ತಾನೆ, ಎರಡು ನಾಣ್ಯ ಕೊಡುತ್ತಾನೆ, ನಿಲ್ಲುತ್ತಾನೆ, ‘ಚಿಲ್ಲರೆ ಬೇಕು’ ಅನ್ನುತ್ತಾನೆ. ಅಷ್ಟೇ ಬೇಕಾದದ್ದು. ಒಂದು ಹತ್ತರ ನೋಟು ಮುರಿಸಿ ಹತ್ತು ನಾಣ್ಯ ಮಾಡಿದ್ದನ್ನೇ ಹಾಳೆಯ ಮೇಲೆ ದಶಕ ಬಿಡಿಸುವುದು ಅನ್ನುತ್ತೇವೆ ಅಂತ ಆಗ ತೋರಿಸಿ. ದುಡ್ಡಿನ ಬದಲು ಪೊರಕೆ ಕಡ್ಡಿಯೂ ಆಗುತ್ತದೆ, ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. ‘ನೂರಾ ಐದು’ ಬರೆ ಅಂದರೆ 1005 ಅಂತ ಬರೆಯುವ ಮಕ್ಕಳಿಗೂ ಇದೇ ಕಟ್ಟುಗಳು ಮದ್ದು. ಒಂದು ನೂರರ ಕಟ್ಟು, ಹತ್ತರ ಕಟ್ಟು ಒಂದೂ ಇಲ್ಲ, ಐದು ಕಡ್ಡಿ. ಇಲ್ಲದ ಕಡೆ ಸೊನ್ನೆ.

ಮಗ್ಗಿ ಬಾಯಿಪಾಠ ಬೇಡ ಅನ್ನುವವರಲ್ಲ ನಾನು. ಎರಡು, ಐದು, ಹತ್ತರ ಮಗ್ಗಿ ಬಾಯಿಗೆ ಬಂದರೆ ಭಾಗಾಕಾರ ಸುಲಭ. ಆದರೆ ದಿನವೂ ಅದೇ ಆಗಬಾರದು. ಚೌಕಾಬಾರ ಆಡಿಸಿ, ಅಳಗುಳಿ ಮಣೆ ಆಡಿಸಿ. ಮಣೆ ಇಲ್ಲದಿದ್ದರೆ ನೆಲದಲ್ಲೇ ಗುಳಿ ತೋಡಿ ಹುಣಸೆ ಬೀಜ ಹಾಕಿ. ಎಣಿಸುವುದು, ಮುಂದಿನ ಲೆಕ್ಕ ಮನಸ್ಸಿನಲ್ಲೇ ಹಾಕುವುದು, ಎಲ್ಲ ಅದರಲ್ಲಿದೆ. ಅದರಲ್ಲಿ ನಮ್ಮ ಹುಡುಗಿಯರು ನನ್ನನ್ನು ಸುಲಭವಾಗಿ ಗೆಲ್ಲುತ್ತಾರೆ.

ಜಾಗ, ಹೊತ್ತು, ಎಷ್ಟು ಮಕ್ಕಳು

ಒಬ್ಬರಿಗೆ ಐದಾರು ಮಕ್ಕಳಿಗಿಂತ ಜಾಸ್ತಿ ಬೇಡ. ಇಪ್ಪತ್ತು ಮಕ್ಕಳು ಬಂದರೆ ಮಟ್ಟದ ಪ್ರಕಾರ ಗುಂಪು ಮಾಡಿ, ವಯಸ್ಸಿನ ಪ್ರಕಾರ ಅಲ್ಲ. ಹನ್ನೆರಡು ವರ್ಷದವರನ್ನು ಏಳು ವರ್ಷದವರ ಜೊತೆ ಅಕ್ಷರಕ್ಕೆ ಕೂರಿಸಿದರೆ ಮಾತ್ರ ನಾಚಿಕೆಯಾಗುತ್ತದೆ, ಅವರಿಗೆ ಬೇರೆ ಮೂಲೆ, ಬೇರೆ ಪದಗಳು ಕೊಡಿ. ಬೈಕಿನ ಹೆಸರು, ಕ್ರಿಕೆಟ್ ಆಟಗಾರರ ಹೆಸರು, ಊರಿಗೆ ಹೋಗುವ ಬಸ್ಸಿನ ಬೋರ್ಡು.

ವಾರಕ್ಕೆ ಎರಡೇ ದಿನ ಆದರೂ ಅದೇ ದಿನ, ಅದೇ ಹೊತ್ತು, ಅದೇ ಜಾಗ. ಸಮುದಾಯ ಭವನ, ಗುಡಿಯ ಜಗಲಿ, ಅಂಗನವಾಡಿ, ಶೆಡ್ಡಿನ ಮುಂದಿನ ಅಂಗಳ, ಯಾವುದಾದರೂ ಆಗಬಹುದು, ಆದರೆ ಮಕ್ಕಳು ನಡೆದು ಬರುವಷ್ಟು ಹತ್ತಿರ ಇರಬೇಕು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಯುವಕ ಯುವತಿಯರು ಓದಿನ ಶಿಬಿರ ನಡೆಸಿದ್ದರು. ಬಂದ ಮಕ್ಕಳು ಚೆನ್ನಾಗಿ ಓದು ಕಲಿತರು. ಆದರೆ ಓದು ಬಾರದ ಮಕ್ಕಳಲ್ಲಿ ಶಿಬಿರಕ್ಕೆ ಬಂದವರೇ ಕಡಿಮೆ. ನನ್ನ ಮಟ್ಟಿಗೆ ಇದು ದೊಡ್ಡ ಪಾಠ. ಬಾಗಿಲು ತೆರೆದು ಕೂತರೆ ಮೊದಲು ಬರುವುದು ಈಗಾಗಲೇ ಓದಲು ಬರುವ ಮಕ್ಕಳು. ನಿಮ್ಮ ಅಗತ್ಯ ಜಾಸ್ತಿ ಇರುವ ಮಗು ಒಳಗೆ ಪಾತ್ರೆ ತೊಳೆಯುತ್ತಿರುತ್ತದೆ. ಹಾಗಾಗಿ ಪಾಠಕ್ಕೆ ಕಾಲು ಗಂಟೆ ಮುಂಚೆ ಹೋಗಿ, ಸಾಲಿನುದ್ದಕ್ಕೂ ಒಂದು ಸುತ್ತು ನಡೆಯಿರಿ, ಹೆಸರು ಹಿಡಿದು ಕೂಗಿ.

ಆಗ ಗೊತ್ತಾಗುತ್ತದೆ ಯಾರು ಯಾಕೆ ಬರುತ್ತಿಲ್ಲ ಅಂತ. ಹುಡುಗಿಯರು ಬಾರದಿರುವುದಕ್ಕೆ ನಮ್ಮಲ್ಲಿ ಮುಖ್ಯ ಕಾರಣ ಸೊಂಟದ ಮೇಲಿನ ತಮ್ಮನೋ ತಂಗಿಯೋ. ‘ಮಗುವನ್ನೂ ಕರೆದುಕೊಂಡು ಬಾ’ ಅಂದೆವು. ಒಂದು ಚಾಪೆ, ಒಂದಷ್ಟು ಲೋಟ ಚಮಚ, ಒಬ್ಬ ಸ್ವಯಂಸೇವಕ ಅಲ್ಲೇ ಕೂರುವುದು. ಗಲಾಟೆ ಆಗುತ್ತದೆ, ಆಗಲಿ. ಇನ್ನೊಂದು ಕಾರಣ ಹಸಿವು. ಶಾಲೆಯಲ್ಲಿ ಮಧ್ಯಾಹ್ನ ಉಂಡ ಮಗುವಿಗೆ ಸಂಜೆ ಆರಕ್ಕೆ ಹೊಟ್ಟೆ ಖಾಲಿ, ಅವ್ವ ಬಂದು ಒಲೆ ಹಚ್ಚುವುದು ಏಳೂವರೆಗೆ. ಶಾಲೆಗೇ ಹೋಗದ ಮಗುವಿನ ಗತಿ ಕೇಳಬೇಡಿ. ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಬೆಲ್ಲ ಕೊಟ್ಟೇ ಶುರು ಮಾಡಿ. ಪಾಠ ಮುಗಿಸಿ ಕೊಡುವುದಲ್ಲ, ಮೊದಲೇ ಕೊಡಬೇಕು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ ಮಗುವನ್ನು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ‘ಕಲಿಯಲ್ಲ’ ಅಂತ ನಾವು ಕೈಬಿಟ್ಟಿದ್ದ ಇಬ್ಬರಿಗೆ ಬೇಕಾಗಿದ್ದದ್ದು ಕನ್ನಡಕ.

ಅಪ್ಪ ಅವ್ವನ ಹತ್ತಿರ ಮಾತಾಡಿ, ಆದರೆ ದೂರು ಹೇಳಲು ಹೋಗಬೇಡಿ. ‘ನಿಮ್ಮ ಹುಡುಗ ಏನೂ ಓದಲ್ಲ’ ಅಂದರೆ ಆ ರಾತ್ರಿ ಅವನಿಗೆ ಏಟು ಬೀಳುತ್ತದೆ. ಹೋಗುವುದಿದ್ದರೆ ಒಳ್ಳೆಯ ಸುದ್ದಿ ಇಟ್ಟುಕೊಂಡು ಹೋಗಿ.

ಶಾಲೆಯ ಜೊತೆ

ಸಂಜೆ ಪಾಠ ಶಾಲೆಯ ಬದಲಿಗೆ ಅಲ್ಲ. ಶಾಲೆಗೆ ಹೋಗದ ಮಗುವನ್ನು ಶಾಲೆಗೆ ಸೇರಿಸುವುದು ನಿಮ್ಮ ಕೆಲಸದ ಅರ್ಧ ಭಾಗ. ಹತ್ತಿರದ ಸರ್ಕಾರಿ ಶಾಲೆಯ ಹೆಡ್ ಮಾಸ್ತರನ್ನು ಮೊದಲೇ ಭೇಟಿಯಾಗಿ, ನೀವು ಯಾರು, ಏನು ಮಾಡುತ್ತಿದ್ದೀರಿ ಹೇಳಿ. ಕ್ಲಾಸ್ ಟೀಚರ ಹತ್ತಿರ ಕೇಳಿ, ಯಾವ ಮಗುವಿಗೆ ಏನು ಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಕ್ಕಳ ಎದುರಿಗೆ ಶಾಲೆಯನ್ನು, ಮೇಷ್ಟ್ರನ್ನು ಹಳಿಯಬೇಡಿ.

ಸೇರಿಸುವಾಗ ತೊಂದರೆ ಬರಬಹುದು. ಒಂದು ಶಾಲೆಯಲ್ಲಿ ಊರಿನಿಂದ ಟಿಸಿ ತಂದರೆ ಮಾತ್ರ ಅಂತ ನಮ್ಮ ಒಬ್ಬ ಹುಡುಗನನ್ನು ಎರಡು ಸಲ ವಾಪಸ್ ಕಳಿಸಿದ್ದರು. ಆಗ ನನಗೆ ಕಾಯ್ದೆ ಗೊತ್ತಿರಲಿಲ್ಲ, ಅವನಿಗೆ ಎರಡು ತಿಂಗಳು ಹೋಯಿತು. ನೀವು ತಿಳಿದಿರಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಟಿಸಿ ತಡವಾಯಿತು ಅಂತ, ವಯಸ್ಸಿನ ದಾಖಲೆ ಇಲ್ಲ ಅಂತ, ಜೂನ್ ಕಳೆದುಹೋಯಿತು ಅಂತ ಬಾಗಿಲಿಂದ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಉಳಿದದ್ದನ್ನು ಕಲಿಯಲು ವಿಶೇಷ ತರಬೇತಿಯೂ ಅದರ ಹಕ್ಕು. ಜಗಳಕ್ಕೆ ಹೋಗಬೇಡಿ. ಕಾಯ್ದೆಯ ಆ ಪುಟದ ಜೆರಾಕ್ಸ್ ಇಟ್ಟುಕೊಂಡು ಹೋಗಿ ನಿಧಾನಕ್ಕೆ ಮಾತಾಡಿ. ಆಗದಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಅದಾದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ.

ಇದನ್ನು ಮಾತ್ರ ಬಿಡಲೇಬೇಡಿ

ಮಕ್ಕಳ ಸುರಕ್ಷತೆ. ಯಾವ ಸ್ವಯಂಸೇವಕರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಜಾಗ ನಾಲ್ಕು ಜನಕ್ಕೆ ಕಾಣುವಂತಿರಲಿ. ಮನೆಗೆ ಕರೆದುಕೊಂಡು ಹೋಗುವುದು, ಗಾಡಿಯಲ್ಲಿ ಸುತ್ತಿಸುವುದು ಬೇಡ. ಮಕ್ಕಳ ಫೋಟೋ ತೆಗೆದು ಹಾಕಬೇಡಿ. ನಿಮ್ಮ ಮಗುವಿನ ಹರಿದ ಅಂಗಿಯ ಫೋಟೋವನ್ನು ಯಾರೋ ಊರಿಗೆಲ್ಲ ತೋರಿಸಿದರೆ ನಿಮಗೆ ಹೇಗಾಗುತ್ತದೆ ಯೋಚಿಸಿ. ಹೊಡೆಯುವುದಂತೂ ಇಲ್ಲವೇ ಇಲ್ಲ.

ಮಗು ಏನಾದರೂ ಕೆಟ್ಟದ್ದು ನಡೆದದ್ದನ್ನು ಹೇಳಿದರೆ ನಂಬಿ, ಸಮಾಧಾನವಾಗಿ ಕೇಳಿ, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡಲು ಯಾರಿಗೂ ಹಕ್ಕಿಲ್ಲ.

ಬಿಟ್ಟು ಹೋಗುವಾಗ

ಕಾಲೇಜು ಹುಡುಗರು ಉತ್ಸಾಹದಿಂದ ಬರುತ್ತಾರೆ, ಪರೀಕ್ಷೆ ಬಂದಾಗ ಹೇಳದೆ ನಿಲ್ಲುತ್ತಾರೆ. ಮಕ್ಕಳು ಒಂದು ವಾರ ‘ಅಣ್ಣ ಯಾಕೆ ಬರಲಿಲ್ಲ’ ಅಂತ ಕೇಳುತ್ತಾರೆ, ಆಮೇಲೆ ಕೇಳುವುದಿಲ್ಲ, ಮುಂದಿನ ಅಣ್ಣ ಬಂದಾಗ ಹತ್ತಿರವೂ ಬರುವುದಿಲ್ಲ. ನಿಮಗೆ ಆಗುವುದು ಆರು ತಿಂಗಳು ಮಾತ್ರ ಅಂದರೆ ಆರು ತಿಂಗಳು ಅಂತ ಮೊದಲೇ ಹೇಳಿ, ಅಷ್ಟು ದಿನ ತಪ್ಪದೆ ಬನ್ನಿ. ಬರಲಾಗದ ದಿನ ಹಿಂದಿನ ಪಾಠದಲ್ಲೇ ತಿಳಿಸಿ. ಬಿಡುವಾಗ ಮುಂದಿನವರನ್ನು ಕರೆತಂದು ಎರಡು ವಾರ ಜೊತೆಗೆ ಕೂತು ಪರಿಚಯ ಮಾಡಿಸಿ ಹೋಗಿ.

ಮಕ್ಕಳೂ ಬಿಟ್ಟು ಹೋಗುತ್ತಾರೆ. ಕಟ್ಟಡ ಮುಗಿದರೆ ಶೆಡ್ಡು ಖಾಲಿ. ಕೆಲವೊಮ್ಮೆ ರಾತ್ರೋರಾತ್ರಿ ಗಂಟು ಕಟ್ಟಿರುತ್ತಾರೆ, ನಾವು ಸಂಜೆ ಹೋದರೆ ಒಲೆಯ ಕಲ್ಲು ಮಾತ್ರ ಇರುತ್ತದೆ. ಅದಕ್ಕೆ ನಾವು ಪ್ರತಿ ಮಗುವಿಗೂ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ಕೊಟ್ಟಿರುತ್ತೇವೆ, ಅದು ಮಗುವಿನ ಹತ್ತಿರವೇ ಇರುತ್ತದೆ. ಮೊದಲ ಪುಟದಲ್ಲಿ ಮುಂದಿನ ಟೀಚರಿಗೆ ನಾಲ್ಕು ಸಾಲು ಬರೆದು, ಪ್ರತಿ ತಿಂಗಳು ಹೊಸದಾಗಿ ತಿದ್ದುತ್ತೇವೆ. ಎಲ್ಲಿಗೇ ಹೋದರೂ, ಯಾವ ಶಾಲೆಗೇ ಸೇರಿದರೂ, ಅಲ್ಲಿನವರು ಮತ್ತೆ ಅ ಆ ಇಂದ ಶುರು ಮಾಡದಿರಲಿ ಅಂತ. ಹೋದ ತಿಂಗಳು ಒಬ್ಬ ಹುಡುಗಿಯ ಪುಸ್ತಕದಲ್ಲಿ ಬರೆದದ್ದು ಹೀಗಿದೆ, ಬೇಕಾದರೆ ಮಾದರಿಗೆ ಇಟ್ಟುಕೊಳ್ಳಿ:

‘ಟೀಚರಿಗೆ ನಮಸ್ಕಾರ. ಇವಳು ಮೂರಕ್ಷರದ ಪದಗಳನ್ನು ಸರಾಗವಾಗಿ ಓದುತ್ತಾಳೆ. ಎ-ಏ ದೀರ್ಘ ಇನ್ನೂ ತಡವರಿಸುತ್ತದೆ. ಒತ್ತಕ್ಷರ ಶುರು ಮಾಡಿದ್ದೇವೆ. ಅಕ್ಕ, ಅಜ್ಜಿ ಬರುತ್ತದೆ, ಸೂರ್ಯ ಬರುವುದಿಲ್ಲ. ಕಳೆಯುವ ಲೆಕ್ಕವನ್ನು ಕಡ್ಡಿ ಕಟ್ಟು ಇಟ್ಟುಕೊಂಡು ಮಾಡುತ್ತಾಳೆ. ಎಲ್ಲರೆದುರು ಓದು ಅಂದರೆ ಸುಮ್ಮನಾಗುತ್ತಾಳೆ, ಪಕ್ಕದಲ್ಲಿ ಕೂರಿಸಿಕೊಂಡರೆ ಓದುತ್ತಾಳೆ. ತಮ್ಮನನ್ನು ಕರೆದುಕೊಂಡು ಬಂದರೆ ದಯವಿಟ್ಟು ವಾಪಸ್ ಕಳಿಸಬೇಡಿ. ಕೋಳಿಯ ಕತೆ ಇಷ್ಟ.’